ಕಟ್ಟಡ ಯಾಕೆ ಬೇಡವಾಯ್ತು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ

ಶಿರಸಿಯ ನಮ್ಮ ಮನೆಯ ಮಹಡಿ ಎಂಟು ತಿಂಗಳಿಂದ ಖಾಲಿ ಇದೆ. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಅಪ್ಪಯ್ಯ ಅದನ್ನು ಕಟ್ಟಿಸಿದ್ದರು. ತೋಟಕ್ಕೆ ಹೋಗಲು ಆಗದ ಕಾಲ ಬಂದಾಗ ತಿಂಗಳಿಗೆ ಒಂದಿಷ್ಟು ಬಾಡಿಗೆ ಕೈಗೆ ಬರಲಿ ಅಂತ.

ಹೋದ ವರ್ಷ ಪೇಪರಿನಲ್ಲಿ ಒಂದು ಪ್ರಕಟಣೆ ಬಂತು. ಸರ್ಕಾರಿ ಕಚೇರಿಯೊಂದಕ್ಕೆ ಬಾಡಿಗೆ ಕಟ್ಟಡ ಬೇಕು, ಕನಿಷ್ಠ 1,000 ಚದರ ಅಡಿ, ನೀರು, ಶೌಚಾಲಯ, ಬೈಕು ನಿಲ್ಲಿಸಲು ಜಾಗ. ಯಾವ ಇಲಾಖೆ ಅನ್ನುವುದು ಇಲ್ಲಿ ಬೇಡ. ಅಪ್ಪಯ್ಯ ಅರ್ಜಿ ಹಾಕಿದರು. ಜಿಲ್ಲಾ ಕಚೇರಿ ಇರುವುದು ಕಾರವಾರದಲ್ಲಿ, ಹಾಗಾಗಿ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಎರಡು ಸಲ ಹೋಗಿ ಬಂದರು. ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆದುಕೊಂಡು ಹೋದರು. ಆಮೇಲೆ ಸುದ್ದಿಯೇ ಇಲ್ಲ. ಕಚೇರಿಯ ಬೋರ್ಡು ಬೇರೊಬ್ಬರ ಕಟ್ಟಡದ ಮೇಲೆ ಏರಿದ್ದನ್ನು ಬಸ್ಸಿನಿಂದ ನೋಡಿ ನಮಗೆ ಗೊತ್ತಾಗಿದ್ದು.

ಆ ಕಟ್ಟಡದವರು ಅಪ್ಪಯ್ಯನ ಜೊತೆ ಹೈಸ್ಕೂಲು ಓದಿದವರು. "ಒಳಗಿಂದೊಳಗೆ ಎಲ್ಲಾ ಮೊದಲೇ ಆಗಿತ್ತು" ಅಂದರು ಅಪ್ಪಯ್ಯ. ಪೇಟೆಯಲ್ಲಿ ಸಿಕ್ಕವರೆಲ್ಲ ಹೌದು ಹೌದು ಅಂದರು, ಇಷ್ಟು ಕೊಟ್ಟಿದ್ದಾರಂತೆ, ಅಷ್ಟು ಕೊಟ್ಟಿದ್ದಾರಂತೆ ಅಂತ ಸೇರಿಸಿದರು. ಈಗ ಮದುವೆಮನೆಯಲ್ಲಿ ಎದುರಾದರೂ ಇಬ್ಬರಿಗೂ ಮಾತಿಲ್ಲ. ನನಗೆ ಜಾಸ್ತಿ ಬೇಜಾರಾಗಿದ್ದು ಬಾಡಿಗೆ ಹೋಗಿದ್ದಕ್ಕಲ್ಲ, ಇದಕ್ಕೆ.

ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ. ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಕಾಗದಕ್ಕೆ ಪುಟಕ್ಕೆ 2 ರೂಪಾಯಿ. ಸುಮ್ನೆ "ನಮ್ಮ ಕಟ್ಟಡವನ್ನು ಯಾಕೆ ಬಿಟ್ಟಿರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಸಿಗುವುದಿಲ್ಲ. ಕಡತದ ಟಿಪ್ಪಣಿ ಹಾಳೆ, ಬಂದ ಅರ್ಜಿಗಳನ್ನು ಹೋಲಿಸಿದ ತಖ್ತೆ, ಪ್ರತಿ ಕಟ್ಟಡದ ಅಳತೆಯ ವಿವರ ಅಂತ ಕಾಗದದ ಹೆಸರು ಹಿಡಿದೇ ಕೇಳಬೇಕು. 30 ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯಲ್ಲಿದೆ. ನಮಗೆ ಇಪ್ಪತ್ತೆಂಟನೇ ದಿನ ಬಂತು.

ಮೊದಲ ಪೆಟ್ಟು ಅಳತೆಯಲ್ಲಿ. ಅಪ್ಪಯ್ಯ ಅರ್ಜಿಯಲ್ಲಿ 1,380 ಚದರ ಅಡಿ ಅಂತ ಬರೆದಿದ್ದರು, ಅಂದರೆ ಹೊರಗೋಡೆಯಿಂದ ಹೊರಗೋಡೆಗೆ. ತಖ್ತೆಯಲ್ಲಿ ಇದ್ದದ್ದು 1,090. ನಾನೂ ಮೊದಲು ಮೋಸ ಅಂದುಕೊಂಡೆ. ಆಮೇಲೆ ಇಬ್ಬರೂ ಸೇರಿ ಕೋಣೆ ಕೋಣೆ ಅಳೆದೆವು. ಅವರ ಲೆಕ್ಕ ಸರಿ. ಬಾಡಿಗೆ ಕಟ್ಟುವುದು ಕಾರ್ಪೆಟ್ ಏರಿಯಾಕ್ಕೆ, ಅಂದರೆ ಒಳಗೆ ಕುರ್ಚಿ ಮೇಜು ಹಾಕಿ ಬಳಸುವ ನೆಲಕ್ಕೆ ಮಾತ್ರ. ಗೋಡೆಯ ದಪ್ಪ ಲೆಕ್ಕಕ್ಕಿಲ್ಲ. ನಮ್ಮ ಕಡೆಯ ಚಿರೆಕಲ್ಲಿನ ಗೋಡೆ ಎಷ್ಟು ದಪ್ಪ ಅಂತ ನಿಮಗೆ ಗೊತ್ತಲ್ವಾ, ಅಲ್ಲಿಯೇ 140 ಅಡಿ ಹೋಯಿತು. ಇರಚಲು ಹೊಡೆಯುತ್ತದೆ ಅಂತ ಶೀಟು ಹಾಕಿ ಮಾಡಿದ ಜಗಲಿ ಮತ್ತು ಮೆಟ್ಟಿಲು ಸೇರಿ ಇನ್ನೊಂದು 150. ಕಟ್ಟಡ ಕೊಡಲು ಹೊರಟವರು ಮೊದಲು ಇದನ್ನು ಅಳೆದುಕೊಳ್ಳಿ. ಪ್ರಕಟಣೆ ಕೊಡುವವರೂ ಯಾವ ಅಳತೆ ಅಂತ ಒಂದು ಸಾಲು ಬರೆದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎರಡನೆಯದು ಟಿಪ್ಪಣಿ ಹಾಳೆಯಲ್ಲಿತ್ತು. ನಮ್ಮದು ಮಹಡಿ, ಲಿಫ್ಟ್ ಇಲ್ಲ. ಅವರದು ನೆಲಮಹಡಿ, ಗಾಲಿಕುರ್ಚಿ ಹೋಗುವ ಇಳಿಜಾರು ಇದೆ. ಆ ಕಚೇರಿಗೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದನ್ನು ಸಣ್ಣ ವಿಷಯ ಅಂತ ಬಿಡಲು ಬರುವುದಿಲ್ಲ. ಕಾರಣ ನ್ಯಾಯವಾದದ್ದೇ. ಆದರೆ ಪ್ರಕಟಣೆಯಲ್ಲಿ ನೆಲಮಹಡಿ ಅನ್ನುವ ಮಾತೇ ಇರಲಿಲ್ಲ. ಇದ್ದಿದ್ದರೆ ಅಪ್ಪಯ್ಯ ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಈ ಬಗ್ಗೆ ಓದುತ್ತಾ ಹೋದಾಗ ಸುಪ್ರೀಂ ಕೋರ್ಟಿನ 1979ರ ಒಂದು ತೀರ್ಪು ಸಿಕ್ಕಿತು, ರಮಣ ದಯಾರಾಮ್ ಶೆಟ್ಟಿ ಪ್ರಕರಣ. ಮುಂಬೈ ವಿಮಾನ ನಿಲ್ದಾಣದಲ್ಲಿ ಹೋಟೆಲು ನಡೆಸುವ ಟೆಂಡರು ಅದು. ಐದು ವರ್ಷದ ಅನುಭವ ಇರುವ ನೋಂದಾಯಿತ ಹೋಟೆಲಿನವರೇ ಬರಬೇಕು ಅಂತ ಷರತ್ತು ಹಾಕಿ, ಕೊನೆಗೆ ಆ ಷರತ್ತಿಗೆ ಹೊಂದದವರಿಗೇ ಕೊಟ್ಟಿದ್ದರು. ಸರ್ಕಾರಿ ಸಂಸ್ಥೆ ತಾನು ಹಾಕಿದ ಷರತ್ತನ್ನು ತಾನೇ ಮೀರುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ಆದರೂ ಗುತ್ತಿಗೆಯನ್ನು ರದ್ದು ಮಾಡಲಿಲ್ಲ. ದೂರು ತಡವಾಗಿ ಬಂದಿತ್ತು, ಅಷ್ಟರಲ್ಲಿ ಗುತ್ತಿಗೆ ಸಿಕ್ಕವರು ದುಡ್ಡು ಹಾಕಿ ಆಗಿತ್ತು. 1994ರ ಟಾಟಾ ಸೆಲ್ಯುಲಾರ್ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಯಾರಿಗೆ ಕೊಡಬೇಕಿತ್ತು ಅಂತ ಕೋರ್ಟು ಮೇಲ್ಮನವಿಯ ಹಾಗೆ ತೂಗುವುದಿಲ್ಲ, ಆಯ್ಕೆ ಮಾಡಿದ ರೀತಿ ಸರಿಯಿತ್ತಾ ಅಂತ ನೋಡುತ್ತದೆ.

ಹಾಗಂತ ನಮ್ಮಂಥವರು ಒಂದು ಮಹಡಿಯ ಬಾಡಿಗೆಗಾಗಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡಾಡಲು ಆಗುತ್ತದಾ? ವಕೀಲರ ಫೀಸಿಗೇ ವರ್ಷದ ಬಾಡಿಗೆ ಬೇಕು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಿಗೆ ಜಾಗ ಹಿಡಿಯುವ ವಿಷಯದಲ್ಲಿ ತಕರಾರಿದ್ದರೆ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಗೇ ದೂರು ಕೊಡಬಹುದು. ಸಾಮಾನ್ಯವಾಗಿ 10 ದಿನದೊಳಗೆ ಕೊಡಬೇಕು, 100 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಸೋತವರನ್ನು ಕರೆದು ನಿಮ್ಮದರಲ್ಲಿ ಇಂಥದ್ದು ಕಡಿಮೆಯಿತ್ತು ಅಂತ ತಿಳಿಸುವ ಪದ್ಧತಿಯೂ ಇದೆ. ನಮಗೆ ಅಷ್ಟೆಲ್ಲ ಬೇಕು ಅಂತ ನಾನು ಕೇಳುತ್ತಿಲ್ಲ. ಆಯ್ಕೆ ಆದ ದಿನವೇ ನಾಲ್ಕೂ ಅರ್ಜಿದಾರರಿಗೆ ಆ ತಖ್ತೆಯ ಒಂದು ನಕಲು, ಕೆಳಗೆ ಎರಡು ಸಾಲು ಕಾರಣ. ತಖ್ತೆ ಹೇಗೂ ಕಡತದಲ್ಲಿ ಇತ್ತು, ಹೊಸದಾಗಿ ಬರೆಯುವ ಕೆಲಸವೂ ಇರಲಿಲ್ಲ. ಅಂಚೆ ಚೀಟಿಯ ಖರ್ಚು ಅಷ್ಟೇ.

ಬಾಡಿಗೆ ಸಿಕ್ಕವರೂ ಆರಾಮಾಗಿ ಇರುತ್ತಾರೆ ಅಂದುಕೊಳ್ಳಬೇಡಿ. ಕಾರವಾರದ ನನ್ನ ಗೆಳೆಯನ ಮನೆಯವರು ಹೀಗೇ ಒಂದು ಕಚೇರಿಗೆ ಕಟ್ಟಡ ಕೊಟ್ಟು, ಅನುದಾನ ಬಂದಿಲ್ಲ ಅಂತ ಏಳು ತಿಂಗಳ ಬಾಡಿಗೆಗೆ ಕಾದರು. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆಯ ಕರಾರು ನೋಂದಣಿ ಆಗಲೇಬೇಕು, ಅದನ್ನು ಮಾಡಿಸದೆ ಬರೀ ಪತ್ರದ ಮೇಲೆ ಕೀಲಿಕೈ ಕೊಟ್ಟಿದ್ದರು.

ಕಾಗದಗಳನ್ನೆಲ್ಲ ಅಪ್ಪಯ್ಯನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತುಂಬಾ ಹೊತ್ತು ಬಿಟ್ಟು, "ನಾವು ಮಹಡಿಗೆ ಹೋಗಿ ಕೆಳಗಿನದನ್ನು ಬಾಡಿಗೆಗೆ ಕೊಟ್ಟರೆ ಆಗ್ತಿತ್ತಾ?" ಅಂದರು. ಒಳಗಿಂದ ಆಯಿ, "ನನ್ನ ಮಂಡಿಗೆ ಆ ಮೆಟ್ಟಿಲು ಹತ್ತೋಕೆ ಆಗಲ್ಲ" ಅಂದಳು. ಅಪ್ಪಯ್ಯ ಮತ್ತೆ ಅದೇ ಟಿಪ್ಪಣಿ ಹಾಳೆ ಎತ್ತಿಕೊಂಡರು.

ಒಂದು ವಿಷಯ ಮಾತ್ರ ಇನ್ನೂ ಉಳಿದಿದೆ. ಆಯ್ಕೆಯಾದ ಕಟ್ಟಡದ ಅಳತೆಯ ವಿವರವನ್ನು ವ್ಯಾಪಾರದ ಗುಟ್ಟು ಅಂತ ಹೇಳಿ ಕೊಟ್ಟಿಲ್ಲ. ಸರ್ಕಾರದ ದುಡ್ಡಿನಲ್ಲಿ ಬಾಡಿಗೆ ಕಟ್ಟುವ ನೆಲದ ಅಳತೆ ಹೇಗೆ ಗುಟ್ಟಾಗುತ್ತದೆ? ಅವರ ಜಗಲಿಯನ್ನೂ ನಮ್ಮದರ ಹಾಗೆಯೇ ಬಿಟ್ಟು ಅಳೆದಿದ್ದಾರೆ ಅಂತ ಕಾಗದದಲ್ಲಿ ಕಂಡರೆ ಅಪ್ಪಯ್ಯ ಆ ಗೆಳೆಯನ ಮನೆಗೆ ಹೋಗಿ ಬರುತ್ತಾರೆ, ಅಷ್ಟು ನನಗೆ ಗೊತ್ತು. ಮೊದಲ ಮೇಲ್ಮನವಿಗೆ 30 ದಿನ ಸಮಯ ಇದೆ. ಹನ್ನೊಂದು ದಿನ ಆಗಲೇ ಕಳೆದಿದೆ. ಈ ಭಾನುವಾರ ಕೂತು ಬರೆಯುತ್ತೇನೆ.