ಒಂದು ಚುಕ್ಕಿ ಹಾರಿಸಿದ ದೋಣಿ

ಗೇಮ್ ಬಿಡುಗಡೆಯಾಗಿ 40 ನಿಮಿಷಕ್ಕೆ ಮೊದಲ ರಿವ್ಯೂ ಬಂತು. ಹೆಬ್ಬೆರಳು ಕೆಳಗೆ. ಆಡಿದ್ದು ಹನ್ನೆರಡು ನಿಮಿಷ. ಬರೆದದ್ದು ಒಂದೇ ಸಾಲು: "ದೋಣಿ ಹುಚ್ಚು ಹಿಡಿದಂತೆ ಓಡುತ್ತದೆ, ಇದನ್ನು ಆಡುವುದು ಹೇಗೆ?"

ನಮ್ಮದು ಓಡುವ ದೋಣಿಯೇ ಅಲ್ಲ. ಮಳೆನೀರಿನಲ್ಲಿ ತೇಲುವ ಕಾಗದದ ದೋಣಿ. ಮೌಸ್‌ನಿಂದ ಗಾಳಿ ಊದಿ, ಎಲೆಗೆ ಕಡ್ಡಿಗೆ ತಾಗದ ಹಾಗೆ ಅದನ್ನು ದಡ ಮುಟ್ಟಿಸಬೇಕು. ನಿಧಾನವೇ ಆ ಆಟದ ಬಂಡವಾಳ. ಯಾರೋ ತಪ್ಪಿ ಬೇರೆ ಗೇಮ್‌ಗೆ ಬರೆಯಬೇಕಾದ ರಿವ್ಯೂ ನಮಗೆ ಬರೆದಿದ್ದಾರೆ ಅಂತಲೇ ಅಂದುಕೊಂಡೆ.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ನಾನು ಕೋಡ್ ಬರೆಯುತ್ತೇನೆ, ಗೆಳತಿ ಚಿತ್ರ ಬರೆಯುತ್ತಾಳೆ. ಸಂಗೀತಕ್ಕೆ ಇನ್ನೊಬ್ಬರು, ಅವರಿಗೆ ಮಾರಾಟದಲ್ಲಿ ಪಾಲು. ಆಟ ಕಟ್ಟಲು ಎರಡೂವರೆ ವರ್ಷ ಹಿಡಿಯಿತು. ಅದನ್ನು ಮಾರಲು ಇಡುವುದೇ ಬೇರೆ ಕೆಲಸ ಅಂತ ಗೊತ್ತಾಗಿದ್ದು ಕೊನೆಯ ಮೂರು ತಿಂಗಳಲ್ಲಿ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಗೇಮ್ ಇಡಲು 100 ಡಾಲರ್ ಕಟ್ಟಬೇಕು. ಗೇಮ್ 1,000 ಡಾಲರ್ ದುಡಿದರೆ ಅದು ವಾಪಸ್ ಬರುತ್ತದೆ. ಮಾರಾಟದಲ್ಲಿ ಶೇಕಡ 30 ಅವರಿಗೆ. ಇಚ್ ಡಾಟ್ ಐಓ ಅನ್ನುವ ಇನ್ನೊಂದು ಅಂಗಡಿಯಲ್ಲಾದರೆ ಅವರ ಪಾಲು ಎಷ್ಟು ಅನ್ನುವುದನ್ನು ನಾವೇ ಹೇಳಬಹುದು, ಏನೂ ಬದಲಿಸದೆ ಬಿಟ್ಟರೆ ಶೇಕಡ 10. ಹಾಗಿದ್ದೂ ಸ್ಟೀಮ್ ಯಾಕೆ? ಸಂತೆ ನೆರೆದ ಕಡೆಯೇ ಅಂಗಡಿ ಇಡಬೇಕಲ್ವಾ.

ನಮ್ಮ ಗೇಮನ್ನು ವಿಶ್‌ಲಿಸ್ಟ್‌ಗೆ, ಅಂದರೆ ಮುಂದೆ ಕೊಳ್ಳಬೇಕೆನ್ನುವ ಪಟ್ಟಿಗೆ, ಹಾಕಿಕೊಂಡವರು 2,300 ಮಂದಿ. ಬಿಡುಗಡೆಯಾದ ಕೂಡಲೇ ಅವರಿಗೆ ಸ್ಟೀಮ್ ಮೇಲ್ ಕಳಿಸುತ್ತದೆ. ಅಂದರೆ ಜನ ಜಾಸ್ತಿ ಬರುವುದು ಆವತ್ತು. ಗೇಮ್‌ನಲ್ಲಿ ಹುಳುಕು ಜಾಸ್ತಿ ಇರುವುದೂ ಆವತ್ತೇ.

ಆ ರಾತ್ರಿ ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಕೂತಿದ್ದೆವು. ಮೇಲ್‌ಬಾಕ್ಸ್ ತುಂಬುತ್ತಿತ್ತು. ಮುಕ್ಕಾಲು ಪಾಲು ಕೀ, ಅಂದರೆ ಗೇಮನ್ನು ಪುಕ್ಕಟೆ ಪಡೆಯುವ ಕೋಡ್, ಕೇಳುವವರದು. "ನಾನು ದೊಡ್ಡ ಚಾನೆಲ್ ನಡೆಸುತ್ತೇನೆ, ಮೂರು ಕೀ ಕೊಡಿ." ಮೇಲ್ ವಿಳಾಸ ಸರಿಯಾಗಿ ನೋಡಿದರೆ ಅಸಲಿ ಚಾನೆಲ್‌ಗಿಂತ ಒಂದು ಅಕ್ಷರ ಆಚೀಚೆ ಇರುತ್ತದೆ. ಹೀಗೆ ಕೇಳಿ ಪಡೆದ ಕೀಗಳನ್ನು ಬೇರೆ ಕಡೆ ಮಾರಿಕೊಳ್ಳುವ ದಂಧೆ ಇದು. ನಮ್ಮ ಹಿಂದಿನ ಗೇಮ್‌ಗೆ ಹಾಗೆ ಹತ್ತಾರು ಕೀ ಹಂಚಿ ಬೆಪ್ಪಾಗಿದ್ದೆ, ಈ ಸಲ ಕೈ ಬಿಗಿ ಹಿಡಿದೆ.

ರಿಫಂಡ್ ಪಟ್ಟಿ ಬೆಳೆಯುತ್ತಿದ್ದದ್ದು ನಿಜವಾದ ಚಿಂತೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ನಮ್ಮ ಆಟ ಪೂರ್ತಿ ಮುಗಿಯಲು ಒಂದೂವರೆ ಗಂಟೆ ಸಾಕು. ಆಡಿ ಮುಗಿಸಿ, ಖುಷಿಪಟ್ಟು, ಹಣ ವಾಪಸ್ ತಗೊಳ್ಳಬಹುದು. ಚಿಕ್ಕ ಗೇಮ್ ಮಾಡುವವರು ಇದಕ್ಕೆ ಗೊಣಗುತ್ತಾರೆ. ನನಗೆ ಆ ನಿಯಮ ನ್ಯಾಯ ಅಂತಲೇ ಅನಿಸುತ್ತದೆ. ಆ ಭರವಸೆ ಇಲ್ಲದಿದ್ದರೆ ಹೆಸರೇ ಕೇಳದ ನಮ್ಮಂಥವರ ಗೇಮನ್ನು ಯಾರು ಕೊಳ್ಳುತ್ತಾರೆ? ಆದರೆ ಆವತ್ತು ಬಂದ ಹನ್ನೊಂದು ರಿಫಂಡ್‌ಗಳಲ್ಲಿ ಆಟ ಮುಗಿಸಿದವರು ಒಬ್ಬರೂ ಇರಲಿಲ್ಲ. ಕಾರಣದ ಜಾಗದಲ್ಲಿ ನಾಲ್ಕು ಜನ "ಶುರುವೇ ಆಗುವುದಿಲ್ಲ" ಅಂದಿದ್ದರು. ನಮ್ಮ ಮೂರು ಕಂಪ್ಯೂಟರ್‌ಗಳಲ್ಲೂ ಗೇಮ್ ಬೆಣ್ಣೆಯ ಹಾಗೆ ನಡೆಯುತ್ತಿತ್ತು.

ಆಗ ಒಂದು ಮೇಲ್ ಬಂತು. ಕೆಳಮುಖ ಹೆಬ್ಬೆರಳು ಕೊಟ್ಟಿದ್ದ ಅದೇ ವ್ಯಕ್ತಿ, ಜರ್ಮನಿಯವರು. ಬೈಗುಳ ಇರಲಿಲ್ಲ. ಜೊತೆಗೆ ಅರ್ಧ ನಿಮಿಷದ ವಿಡಿಯೋ ಇತ್ತು. ಆಟ ಶುರುವಾಗುತ್ತದೆ, ದೋಣಿ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೋಗಿ ಕಲ್ಲಿಗೆ ಬಡಿಯುತ್ತದೆ, ಮುಳುಗುತ್ತದೆ. ಮತ್ತೆ ಶುರು, ಮತ್ತೆ ಬಾಣ, ಮತ್ತೆ ಕಲ್ಲು. ನಗುವುದೋ ಅಳುವುದೋ ತಿಳಿಯಲಿಲ್ಲ.

ವಿಡಿಯೋವನ್ನು ಆರೇಳು ಸಲ ನೋಡಿದೆವು. ನಾನು ದೋಣಿಯನ್ನೇ ನೋಡುತ್ತಿದ್ದೆ. ಗೆಳತಿ ಚಿತ್ರದವಳಲ್ವಾ, ಅವಳ ಕಣ್ಣು ಮೂಲೆಗೆ ಹೋಯಿತು. ದೋಣಿ ಎಷ್ಟು ಮೀಟರ್ ಸಾಗಿದೆ ಅಂತ ತೋರಿಸುವ ಅಂಕಿ ಅಲ್ಲಿದೆ.

"ಆ ಚುಕ್ಕಿಗೆ ಬಾಲ ಯಾಕೋ ಬಂದಿದೆ?" ಅಂದಳು.

ನೋಡಿದರೆ 3.4 ಇರಬೇಕಾದ ಕಡೆ 3,4 ಅಂತ ಇತ್ತು. ನನ್ನ ಹೊಟ್ಟೆಯಲ್ಲಿ ಏನೋ ಕುಸಿಯಿತು. ಒಂದು ಅಲ್ಪವಿರಾಮ ನೋಡಿ ಅಷ್ಟು ಬೆವತಿದ್ದು ಅದೇ ಮೊದಲು.

ಜರ್ಮನಿಯಲ್ಲಿ ಒಂದೂವರೆಯನ್ನು 1,5 ಅಂತ ಬರೆಯುತ್ತಾರೆ. ಚುಕ್ಕಿಯನ್ನು ಅವರು ಬಳಸುವುದು ದೊಡ್ಡ ಅಂಕಿಯಲ್ಲಿ ಸಾವಿರ ಬಿಡಿಸಿ ತೋರಿಸಲು. ನಾವು ಕೋಡ್ ಬರೆಯುವುದು ಸಿ ಶಾರ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದರಲ್ಲಿ ಅಕ್ಷರ ರೂಪದ ಅಂಕಿಯನ್ನು ಓದುವಾಗ, ಹೀಗೇ ಓದು ಅಂತ ಹೇಳದಿದ್ದರೆ, ಅದು ಆ ಕಂಪ್ಯೂಟರ್‌ನ ದೇಶದ ರೂಢಿಯಂತೆ ಓದುತ್ತದೆ. ದೋಣಿಯ ವೇಗವನ್ನು ನಾನು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಇಟ್ಟಿದ್ದೆ. ಗೆಳತಿ ನನ್ನನ್ನು ಕೇಳದೆ ನೋಟ್‌ಪ್ಯಾಡ್‌ನಲ್ಲೇ ಬದಲಿಸಿ ನೋಡಲಿ ಅಂತ. ಅಲ್ಲಿದ್ದ 1.5ರ ಚುಕ್ಕಿಯನ್ನು ಜರ್ಮನ್ ವಿಂಡೋಸ್ ಲೆಕ್ಕಕ್ಕೇ ಹಿಡಿಯಲಿಲ್ಲ. 15 ಅಂತ ಓದಿತು. ಹತ್ತು ಪಟ್ಟು ವೇಗ. ಬ್ರೆಜಿಲ್‌ನಲ್ಲೂ ಇದೇ ರೂಢಿ, ಇದೇ ಗತಿ. ಫ್ರಾನ್ಸ್‌ನಲ್ಲಿ ಸಾವಿರ ಬಿಡಿಸಲು ಚುಕ್ಕಿಯೂ ಇಲ್ಲ, ಖಾಲಿ ಜಾಗ ಬಿಡುತ್ತಾರೆ. ಅಲ್ಲಿ 1.5 ಅನ್ನುವುದು ಅಂಕಿಯೇ ಅಲ್ಲ. ಗೇಮ್ ಅದನ್ನು ಓದಲಾಗದೆ ಅಲ್ಲೇ ಸತ್ತುಬೀಳುತ್ತಿತ್ತು. "ಶುರುವೇ ಆಗುವುದಿಲ್ಲ" ಅಂದವರು ಯಾರು ಅಂತ ಈಗ ಅರ್ಥವಾಯಿತು.

ಇದೇನೂ ಹೊಸ ಬಗ್ ಅಲ್ಲ. ಸಿ ಶಾರ್ಪ್ ಬರೆಯುವವರು ಒಬ್ಬರಿಗೊಬ್ಬರು ಹೇಳಿ ನಗುವಷ್ಟು ಹಳೆಯದು. ನನಗೂ ಗೊತ್ತಿತ್ತು. ಗೊತ್ತಿದ್ದೂ 'ಹೀಗೇ ಓದು' ಅಂತ ಹೇಳುವುದನ್ನು ಕೋಡ್‌ನಲ್ಲಿ 31 ಕಡೆ ಬಿಟ್ಟಿದ್ದೆ. ಎರಡೂವರೆ ವರ್ಷದಲ್ಲಿ ವಿಂಡೋಸ್ ಸೆಟ್ಟಿಂಗ್‌ಗೆ ಹೋಗಿ ಅಂಕಿ ಬರೆಯುವ ದೇಶದ ರೂಢಿ ಬದಲಿಸಿ ಒಂದು ಸಲ ಆಡಿ ನೋಡಿರಲಿಲ್ಲ. ಬದಲಿಸಲು ಅರ್ಧ ನಿಮಿಷ ಸಾಕು.

ಅಷ್ಟೂ ಕಡೆ ಸರಿಮಾಡಲು ಒಂದು ಗಂಟೆ ಹಿಡಿಯಿತು. ತಕ್ಷಣ ಎಲ್ಲರಿಗೂ ಬಿಡೋಣ ಅಂತ ಕೈ ತುರಿಸುತ್ತಿತ್ತು. ಗೆಳತಿ ತಡೆದಳು. "ಆ ಮನುಷ್ಯನಿಗೆ ಮೊದಲು ಕೊಟ್ಟು ನೋಡು ಕಣೋ, ಪಾಪ, ಅಷ್ಟು ಚೆನ್ನಾಗಿ ಬರೆದಿದ್ದಾರೆ." ಸ್ಟೀಮ್‌ನಲ್ಲಿ ಪಾಸ್‌ವರ್ಡ್ ಇದ್ದವರಿಗೆ ಮಾತ್ರ ಸಿಗುವ ಪರೀಕ್ಷಾ ಆವೃತ್ತಿ, ಅಂದರೆ ಬೀಟಾ ಶಾಖೆ, ಮಾಡಬಹುದು. ಸರಿಮಾಡಿದ ಗೇಮ್ ಅಲ್ಲಿಗೆ ಹಾಕಿ ಅವರಿಗೆ ಪಾಸ್‌ವರ್ಡ್ ಕಳಿಸಿದೆ. ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು: "ದೋಣಿ ಈಗ ನಿಧಾನ. ಆದರೆ ನಾನು ಉಳಿಸಿಕೊಂಡಿದ್ದ ಆಟ ತೆರೆದರೆ ನದಿಯೇ ಇಲ್ಲ. ಕಪ್ಪು ಜಾಗದಲ್ಲಿ ದೋಣಿ ಒಂದೇ ತೇಲುತ್ತಿದೆ."

ಅವರ ಸೇವ್ ಫೈಲ್ ಬರೆದದ್ದು ಹಳೆಯ ಕೋಡ್, ಜರ್ಮನ್ ರೂಢಿಯಂತೆ. ದೋಣಿ ಇದ್ದದ್ದು 12,5ರಲ್ಲಿ. ನಾನು ಸರಿಮಾಡಿದ ಕೋಡ್ ಅಲ್ಪವಿರಾಮವನ್ನು ನುಂಗಿ 125 ಅಂತ ಓದಿತು. ದೋಣಿ ಲೋಕದ ಆಚೆ ಹೋಗಿ ಬಿತ್ತು. ಹಗ್ಗ ಬಿಚ್ಚಲು ಹೋಗಿ ಇನ್ನೊಂದು ಗಂಟು ಹಾಕಿದ್ದೆ. ಎಲ್ಲರಿಗೂ ಬಿಟ್ಟಿದ್ದರೆ? ಹುಚ್ಚು ದೋಣಿಯನ್ನೂ ಹೇಗೋ ಸಂಭಾಳಿಸಿ ಮುಂದೆ ಹೋಗಿದ್ದ ತಾಳ್ಮೆಯ ಜನರಿಗೇ ಹೊಡೆತ ಬೀಳುತ್ತಿತ್ತು.

ಹಳೆಯ ಸೇವ್ ಓದುವಾಗ ಅಲ್ಪವಿರಾಮ ಕಂಡರೆ ಚುಕ್ಕಿ ಮಾಡು ಅಂತ ಒಂದು ಸಾಲು ಸೇರಿಸಿದೆ. ಮತ್ತೆ ಬೀಟಾ, ಮತ್ತೆ ಅವರಿಗೆ ಮೇಲ್. "ಸರಿಯಿದೆ, ನಾನು ಮಲಗುತ್ತೇನೆ" ಅಂತ ಬಂತು. ನಾವು ಎಲ್ಲರಿಗೂ ಪ್ಯಾಚ್, ಅಂದರೆ ಈ ತಿದ್ದುಪಡಿ, ಬಿಟ್ಟಾಗ ಕಿಟಕಿಯಾಚೆ ಬೆಳಕು ಹರಿದಿತ್ತು. ಆ ರಿವ್ಯೂ ಕೆಳಗೆ, ತಪ್ಪು ನಮ್ಮದು, ಸರಿಮಾಡಿದ್ದೇವೆ ಅಂತ ಬರೆದೆ. ರಿಫಂಡ್ ತಗೊಂಡವರಿಗೆ ಇದನ್ನು ತಿಳಿಸುವ ದಾರಿ ನಮ್ಮ ಬಳಿ ಇರಲಿಲ್ಲ. ಅವರ ಹೆಸರು ನಮಗೆ ಕಾಣುವುದಿಲ್ಲ.

ಹತ್ತು ರಿವ್ಯೂ ಆಗುವವರೆಗೆ ಸ್ಟೀಮ್ ಗೇಮ್‌ಗೆ ಒಟ್ಟು ಅಭಿಪ್ರಾಯ ತೋರಿಸುವುದಿಲ್ಲ. ನಮಗೆ ಹತ್ತು ತುಂಬಲು ನಾಲ್ಕು ದಿನ ಬೇಕಾಯಿತು. ಒಂಬತ್ತನೆಯದು ಬ್ರೆಜಿಲ್‌ನಿಂದ. ಪ್ಯಾಚ್ ಬಂದು ಆಟದ ಮಜವೇ ಹೋಯಿತು, ಆ ಹಾರುವ ದೋಣಿಯನ್ನು ವಾಪಸ್ ಕೊಡಿ ಅಂತ ದೂರು. ಗೆಳತಿ ಅದನ್ನು ಓದಿ ಬಿದ್ದು ಬಿದ್ದು ನಕ್ಕಳು. ಮುಂದಿನ ಅಪ್‌ಡೇಟ್‌ನಲ್ಲಿ ಮೆನುವಿಗೆ 'ಹುಚ್ಚು ಹೊಳೆ' ಅಂತ ಒಂದು ಬಟನ್ ಸೇರಿಸಿದೆವು. ಅದರ ಕೋಡ್ ಒಂದೇ ಸಾಲು: ವೇಗ ಗುಣಿಸು ಹತ್ತು.

ಜರ್ಮನಿಯವರು ವಾರ ಬಿಟ್ಟು ರಿವ್ಯೂ ತಿದ್ದಿದರು. ಹೆಬ್ಬೆರಳು ಮೇಲೆ. ಹಳೆಯ ಸಾಲು ತೆಗೆದು ಹೊಸದು ಹಾಕಿದ್ದರು: "ದೋಣಿ ಈಗ ಸರಿಯಾಗಿದೆ. ಮೂರನೆಯ ಹಂತದ ಸಂಗೀತ ಮಾತ್ರ ಸ್ವಲ್ಪ ಜೋರಾಯಿತು."

ಸಂಗೀತದವರಿಗೆ ಆ ಕೊಂಡಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.