ಸೀಡಿ ಹಾಡು ಇಳಿಸುವವರಿಗೆ

ಹಳೆಯ ಭಾವಗೀತೆ, ಯಕ್ಷಗಾನದ ಸೀಡಿಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸೀಡಿ ಓದುವ ಡ್ರೈವೇ ಇಲ್ಲ. ಈಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಅದೂ ಎಂಪಿ3 ಅಲ್ಲ, ಫ್ಲ್ಯಾಕ್ ಎಂಬ ಕಡತ ರೂಪದಲ್ಲಿ. ಸೀಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಮೂಲ ದನಿ ಚೂರೂ ಕಳೆಯದೆ ಉಳಿಯುತ್ತದೆ, ಜಾಗ ಸುಮಾರು ಅರ್ಧ ಸಾಕು.

ಇಳಿಸಲು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶದಲ್ಲಿ ಸೆಕ್ಯೂರ್ ಮೋಡ್ ಆರಿಸಿ; ಅದು ಪ್ರತಿ ಭಾಗವನ್ನೂ ಎರಡು ಸಲ ಓದಿ ಹೋಲಿಸುತ್ತದೆ. ಡ್ರೈವಿಗೆ ಕ್ಯಾಶ್ (ಓದಿದ್ದನ್ನು ತುಸು ಹೊತ್ತು ಇಟ್ಟುಕೊಳ್ಳುವ ನೆನಪು) ಇದ್ದರೆ, ಹಾಗೆಂದು ತಂತ್ರಾಂಶದಲ್ಲಿ ಗುರುತು ಹಾಕಲೇಬೇಕು. ಇಲ್ಲವಾದರೆ ಎರಡನೇ ಓದು ಡಿಸ್ಕಿನಿಂದ ಬಾರದೆ ಕ್ಯಾಶಿನಿಂದಲೇ ಬರುತ್ತದೆ. ಎರಡು ಸಲವೂ ಅದೇ ತಪ್ಪು ಸಿಕ್ಕಿ, ತಂತ್ರಾಂಶ ಅದನ್ನೇ ಸರಿ ಎಂದುಕೊಳ್ಳುತ್ತದೆ. ರೀಡ್ ಆಫ್‌ಸೆಟ್ (ಡ್ರೈವ್ ಓದಲು ತುಸು ಹಿಂದೆ ಮುಂದೆ ಶುರುಮಾಡುವ ಅಂತರ) ಹೊಂದಿಸಿ. ಆಮೇಲೆ ಆಕ್ಯುರೇಟ್‌ರಿಪ್ ಎಂಬ ಆನ್‌ಲೈನ್ ದತ್ತಸಂಚಯದಲ್ಲಿ ನಿಮ್ಮ ಕಡತದ ಚೆಕ್‌ಸಮ್ (ದತ್ತಾಂಶದಿಂದ ಲೆಕ್ಕಹಾಕಿದ ತಾಳೆ ಸಂಖ್ಯೆ) ಅದೇ ಸೀಡಿ ಇಳಿಸಿದ ಬೇರೆಯವರದರ ಜೊತೆ ತಾಳೆಯಾದರೆ ನಿಶ್ಚಿಂತೆ.

ಸೀಡಿ ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಒರೆಸಿ ಬಿದ್ದ ಗೀರು ಟ್ರ್ಯಾಕಿನ ಉದ್ದಕ್ಕೂ ಸಾಗುತ್ತದೆ, ಅಷ್ಟು ಉದ್ದದ ನಷ್ಟವನ್ನು ಸೀಡಿಯ ದೋಷ ತಿದ್ದುಪಡಿ ತುಂಬಿಕೊಡಲಾರದು.