ಹೋದದ್ದು ಒಂದು ಹಲ್ಲು, ನೋವು ಪಕ್ಕದ್ದಕ್ಕೆ

17 ಜನವರಿ 2026, ಶನಿವಾರ

ಬುದ್ಧಿಹಲ್ಲು ಕೀಳಿಸಿ ತಿಂಗಳು ದಾಟಿತು. ಗಾಯ ಮಾಗಿದೆ. ಆದರೂ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ಕೆಳಗಿನ ಬಲ ದವಡೆ ಚುಳ್ ಅನ್ನುತ್ತದೆ. ಮೈಸೂರಿನ ಈ ಚಳಿಯಲ್ಲಿ ನಲ್ಲಿ ನೀರು ಅಂದರೆ ಫ್ರಿಜ್ಜಿನ ನೀರೇ. ಸಂಕ್ರಾಂತಿ ಕಬ್ಬನ್ನೂ ಎಡಗಡೆಯಲ್ಲೇ ಅಗಿದದ್ದಾಯಿತು. ಸಾಲದ್ದಕ್ಕೆ ಕೆಳತುಟಿಯಿಂದ ಗದ್ದದವರೆಗೆ ಒಂಥರಾ ಜುಮುಜುಮು. ಶೇವ್ ಮಾಡುವಾಗ ಆ ಚರ್ಮ ಯಾರದ್ದೋ ಅನ್ನಿಸುತ್ತದೆ.

ಇವತ್ತು ಮತ್ತೆ ಡಾಕ್ಟರ ಹತ್ತಿರ ಹೋಗಿದ್ದೆ. "ಇವೆರಡೂ ಬೇರೆ ಬೇರೆ ಸರ್" ಅಂದರು. ಚುಳ್ ಅನ್ನುವುದು ಪಕ್ಕದ ಹಲ್ಲು. ಬುದ್ಧಿಹಲ್ಲು ಅಡ್ಡಡ್ಡ ಬೆಳೆದು ಅದಕ್ಕೇ ಒರಗಿಕೊಂಡಿತ್ತು. ಈಗ ಪಕ್ಕದ್ದರ ಬೇರು ಹಿಂದಿನಿಂದ ಬಯಲಾಗಿದೆ. ಬೇರಿಗೆ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಹೊದಿಕೆ, ಇರುವುದಿಲ್ಲ. ಡೆಂಟಿನ್ ಅನ್ನುವ ಒಳಪದರದ ತುಂಬ ಕಣ್ಣಿಗೆ ಕಾಣದ ಕೊಳವೆಗಳು. ತಣ್ಣೀರು ತಾಗಿದರೆ ಅವುಗಳೊಳಗಿನ ದ್ರವ ಅಲುಗಾಡುತ್ತದೆ, ನರ ಕೆರಳುತ್ತದೆ.

"ನೀರು ಉಗಿದ ಮೇಲೂ ನೋವಿರುತ್ತಾ? ಬಿಸಿ ಕಾಫಿಗೆ? ರಾತ್ರಿ ನಿದ್ದೆ ಕೆಡುತ್ತಾ?" ಮೂರಕ್ಕೂ ಇಲ್ಲ ಅಂದೆ. ಹಾಗಾದರೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಸಾಕಂತೆ, ಕೆಲವು ವಾರ ಬಿಡದೆ ಹಚ್ಚಬೇಕು. ತಣ್ಣಗಿನದು ಹೋದ ಮೇಲೂ ನಿಮಿಷಗಟ್ಟಲೆ ಸಿಡಿಯುತ್ತಿದ್ದರೆ ಹಲ್ಲಿನ ನಡುವೆ ನರ ಇರುವ ತಿರುಳಿಗೇ ಪೆಟ್ಟು ಬಿದ್ದಿರಬಹುದು. ಆಗ ರೂಟ್ ಕೆನಾಲ್ ಮಾತು.

ತುಟಿಯದು ನರದ ಕತೆ. ಎಕ್ಸ್‌ರೇ ತೋರಿಸಿದರು. ಕೆಳದವಡೆ ಮೂಳೆಯೊಳಗೆ ಒಂದು ಕಾಲುವೆ, ಅದರಲ್ಲಿ ನರ. ನನ್ನ ಬುದ್ಧಿಹಲ್ಲಿನ ಬೇರು ಅದಕ್ಕೆ ತಾಗಿಕೊಂಡಂತೆಯೇ ಇತ್ತು. ಅದೇ ನರ ಮುಂದೆ ಬಂದು ತುಟಿ, ಗದ್ದಕ್ಕೆ ಸ್ಪರ್ಶ ಕೊಡುವುದು. ತುಟಿ ಅಲ್ಲಾಡಿಸುವ ನರವೇ ಬೇರೆ, ಹಾಗಾಗಿ ಬಾಯಿ ಸೊಟ್ಟಗಾಗಿಲ್ಲ. ಮೊದಲು ಪೂರ್ತಿ ಮರಗಟ್ಟಿತ್ತು, ಈಗ ಜುಮುಗುಡುತ್ತಿದೆ ಅಂದರೆ ಸಾಮಾನ್ಯವಾಗಿ ಒಳ್ಳೆಯ ಲಕ್ಷಣವಂತೆ. ಆದರೆ ತಿಂಗಳುಗಳೇ ಹಿಡಿಯಬಹುದು. ಇದನ್ನು ಕೀಳುವ ಮೊದಲೇ ಬಾಯಿಬಿಟ್ಟು ಹೇಳಬಹುದಿತ್ತು, ಅಲ್ವಾ? ಒಪ್ಪಿಗೆ ಪತ್ರದಲ್ಲಿತ್ತಂತೆ. ಹಲ್ಲುನೋವಲ್ಲಿ ಅದನ್ನು ಯಾರು ಓದುತ್ತಾರೆ!

ನಮ್ಮತ್ತೆ ಲವಂಗದೆಣ್ಣೆ ಅಂತ ಗಂಟುಬಿದ್ದಿದ್ದಾರೆ. ಕೇಳಿದೆ. ನರಕ್ಕೆ ಅದರಿಂದ ಏನೂ ಆಗಲ್ಲ, ಸುಮ್ನೆ ಒಸಡು ಸುಟ್ಟುಕೊಳ್ಳಬೇಡಿ ಅಂದರು. ಇದನ್ನು ಮನೆಯಲ್ಲಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕೊನೆಗೆ ಹತ್ತಿಯಲ್ಲಿ ಸವರಿ, ಸ್ಪರ್ಶ ಕಮ್ಮಿ ಇರುವ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಫೋಟೋ ತೆಗೆದರು. ಮುಂದಿನ ಸಲ ಎಷ್ಟು ಕಿರಿದಾಗಿದೆ ನೋಡುತ್ತಾರಂತೆ. ಉರಿ ಶುರುವಾದರೆ ಮಾತ್ರ ಕಾಯದೆ ಬರಬೇಕು. ಗೆರೆ ಒರೆಸಿಕೊಳ್ಳುವುದು ನೆನಪಾಗಲಿಲ್ಲ. ಮೆಡಿಕಲ್ ಶಾಪಿನ ಹುಡುಗ ಪೇಸ್ಟ್ ಕೊಡುವಷ್ಟು ಹೊತ್ತೂ ನನ್ನ ಗದ್ದವನ್ನೇ ನೋಡುತ್ತಿದ್ದ.